ಮಣಿ ನೆಯ್ಗೆಯ ಸಲಕರಣೆಗಳು

ಗಾಜಿನ ಸಣ್ಣ ಮಣಿಗಳನ್ನು ದಾರದಿಂದ ಒಂದಕ್ಕೊಂದು ಬಂಧಿಸಿ ಪಟ್ಟಿ, ಚೀಲ, ತೋರಣ ಮೊದಲಾದ ವಸ್ತುಗಳನ್ನು ಮಾಡುವ ಕೆಲಸಕ್ಕೆ ಮಣಿ ನೆಯ್ಗೆ ಎಂದು ಹೆಸರು. ಬಟ್ಟೆಯ ಮೇಲೆ ಮಣಿಗಳನ್ನಿಟ್ಟು ಹೊಲಿಯುವ ಕಸೂತಿ ಬೇರೆ, ಇದು ಬೇರೆ. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯಲ್ಲಿ ಬಟ್ಟೆಯು ಮೊದಲೇ ಇರುವುದು. ಕನ್ನಡಿ, ಕವಡೆ, ಮಣಿಗಳು ಅದಕ್ಕೆ ಒಡವೆಯಾಗಿ ಸೇರುವುವು. ಸೌರಾಷ್ಟ್ರದ ಹಳೆಯ ಮನೆಗಳ ಬಾಗಿಲ ಮೇಲೆ ಕಟ್ಟುವ ಮಣಿತೋರಣದಲ್ಲಿಯಾದರೋ ಮಣಿಗಳೂ ದಾರವೂ ಸೇರಿ ತಾವೇ ಬಟ್ಟೆಯಾಗಿರುವುವು. ಈ ಲೇಖನದ ವಿಷಯ ಎರಡನೆಯ ಬಗೆಯದು.

ಈ ಕೆಲಸದ ಸಲಕರಣೆಗಳು ನೋಡುವುದಕ್ಕೆ ಅಷ್ಟೇನೂ ಗಹನವಾಗಿ ತೋರವು. ಒಂದು ಸೂಜಿ, ಒಂದು ಚೌಕಟ್ಟು, ಒಂದು ತಿರುಗುವ ಬಟ್ಟಲು, ಒಂದುಂಡೆ ಮೇಣ, ಒಂದು ಮಸೂರ, ಇಷ್ಟೇ. ಆದರೆ ಇವುಗಳಲ್ಲಿ ಪ್ರತಿಯೊಂದೂ ಭೌತವಿಜ್ಞಾನಕ್ಕೆ ಸೇರಿದ ಒಂದೊಂದು ತೊಡಕನ್ನು ನಿವಾರಿಸಲು ಹುಟ್ಟಿದುದು. ಆ ತೊಡಕು ಯಾವುದೆಂದು ತಿಳಿದವರು ಅಂಗಡಿಯ ಸಲಕರಣೆಗೆ ಬದಲಾಗಿ ಮನೆಯಲ್ಲಿಯೇ ಒಂದನ್ನು ಮಾಡಿಕೊಳ್ಳಬಲ್ಲರು. ತಿಳಿಯದವರು ಬೆಲೆಯುಳ್ಳ ಸಲಕರಣೆಯನ್ನು ಕೊಂಡು ತಂದರೂ ಮಣಿಯನ್ನು ಒಡೆಯುವರು, ದಾರವನ್ನು ಕಡಿಯುವರು, ಕಣ್ಣನ್ನು ದಣಿಸಿಕೊಳ್ಳುವರು. ಬಿಡುವಿನ ವೇಳೆಯ ವಿನೋದಕ್ಕಾಗಿ ನೆಯ್ಯುವವರಿಗೆ ಇದು ಸಣ್ಣ ನಷ್ಟ. ಇದರಿಂದಲೇ ದಿನದ ಕೂಲಿಯನ್ನು ಸಂಪಾದಿಸುವವರಿಗೆ ಹಾಗಲ್ಲ.

ಮೊದಲು ಅಳತೆಗಳನ್ನು ಗಮನಿಸೋಣ. ಪೇಟೆಯಲ್ಲಿ ಮಣಿಗಳನ್ನು ಸಂಖ್ಯೆಯಿಂದ ಗುರುತಿಸುವರು. ಸಂಖ್ಯೆ ಏರಿದಂತೆ ಮಣಿಯ ಗಾತ್ರ ಇಳಿಯುವುದು. ಸಾಮಾನ್ಯವಾಗಿ ಬಳಕೆಯಲ್ಲಿರುವ 11ನೆಯ ಸಂಖ್ಯೆಯ ದುಂಡು ಮಣಿಯ ಅಡ್ಡಳತೆ ಸುಮಾರು 2 ಮಿಲಿಮೀಟರ್. ಜಪಾನಿನ ಹಿರೊಷಿಮಾ ಪ್ರಾಂತದ ಮಿಯುಕಿ ಕಾರ್ಖಾನೆಯವರು ‘ಡೆಲಿಕಾ’ ಎಂಬ ಹೆಸರಿನಿಂದ ಮಾರುವ ಅದೇ ಸಂಖ್ಯೆಯ ಕೊಳವೆಯಾಕಾರದ ಮಣಿಯ ಅಡ್ಡಳತೆ 1.6 ಮಿಲಿಮೀಟರ್, ಉದ್ದ 1.3 ಮಿಲಿಮೀಟರ್, ಅದರ ರಂಧ್ರ ಸುಮಾರು 0.8 ಮಿಲಿಮೀಟರ್. ಇಂಥ ಮಣಿಗಳಿಂದ ಎರಡು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು ಅಗಲದ, 16 ಸೆಂಟಿಮೀಟರ್ ಉದ್ದದ ಒಂದು ಕೈಪಟ್ಟಿಯನ್ನು ನೆಯ್ಯಬೇಕೆಂದಿಟ್ಟುಕೊಳ್ಳೋಣ. ಅಗಲಕ್ಕೆ 15 ಮಣಿ, ಉದ್ದಕ್ಕೆ 100 ಸಾಲು. ಒಟ್ಟು 1500 ಮಣಿಗಳು. ಒಂದೊಂದನ್ನೂ ಸೂಜಿಯ ಮೊನೆಯಿಂದ ಎತ್ತಿ, ಅದರ ನೆರೆಯ ಮಣಿಯೊಳಗೆ ಸೂಜಿಯನ್ನು ಹಾಯಿಸಿ, ದಾರವನ್ನು ಎಳೆದು ಬಿಗಿಯುವುದಾದರೆ ಆ ಕ್ರಿಯೆಯನ್ನು 1500 ಸಲ ಮಾಡಬೇಕು. ಒಂದು ಸಲಕ್ಕೆ ಹತ್ತೇ ಸೆಕೆಂಡೆಂದರೂ ನಾಲ್ಕು ಗಂಟೆಗಳ ಮೇಲಾಯಿತು. ನಡುವೆ ಉದುರಿದ ಮಣಿಗಳನ್ನು ಹುಡುಕುವ ವೇಳೆ ಇದರಲ್ಲಿ ಸೇರಿಲ್ಲ.

ಈ ರಂಧ್ರ ಬಂದುದಾದರೂ ಹೇಗೆ? ಇಷ್ಟು ಸಣ್ಣ ಗಾಜಿಗೆ ಯಾರೂ ಭೈರಿಗೆಯಿಂದ ತೂತು ಕೊರೆಯುವುದಿಲ್ಲ. ಕರಗಿದ ಗಾಜಿನ ಮುದ್ದೆಯ ನಡುವೆ ಒಂದು ಟೊಳ್ಳನ್ನು ಉಂಟುಮಾಡಿ, ಮುದ್ದೆಯನ್ನು ಉದ್ದನೆಯ ಕೊಳವೆಯಾಗಿ ಎಳೆಯುವರು. ಗಾಜು ಎಷ್ಟು ಸಪುರವಾಗಲಿ, ಒಳಗಿನ ಟೊಳ್ಳು ಅದರೊಡನೆಯೇ ಸಪುರವಾಗುತ್ತ ಹೋಗುವುದು. ಆಮೇಲೆ ಕೊಳವೆಯನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿದರೆ ಮಣಿಗಳಾದುವು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ವಿಧಾನ ನಡೆಯುತ್ತಿದ್ದಿತು. ತಿರುಪತಿಯ ಸಮೀಪದ ಪಾಪನಾಯುಡುಪೇಟೆಯ ಕೆಲಸಗಾರರು ಅದೇ ವಿಧಾನವನ್ನು ನಮ್ಮ ಕಾಲದವರೆಗೆ ತಂದಿರುವರು. ಕತ್ತರಿಸಿದ ಗಾಜಿನ ಅಂಚು ಹರಿತವಾಗಿರುವುದರಿಂದ ತುಂಡುಗಳನ್ನು ಮತ್ತೆ ಕಾಯಿಸಿ ಉರುಳಾಡಿಸಿ ಅಂಚನ್ನು ಮೊಂಡಾಗಿಸುವರು. ಎಲ್ಲ ಮಣಿಗಳಿಗೂ ಇದು ಚೆನ್ನಾಗಿ ಆಗಿರುವುದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ದಾರದ ಮಾತು ಬಂದಾಗ ಇದು ಬೇಕಾಗುವುದು.

ಈಗ ಸೂಜಿಯ ವಿಚಾರ. ದಾರವನ್ನು ನೇರವಾಗಿ ರಂಧ್ರದೊಳಕ್ಕೆ ತಳ್ಳಲು ಏಕೆ ಆಗದು? ದಾರವು ಎಳೆತವನ್ನು ತಾಳಬಲ್ಲುದು, ತಳ್ಳುವಿಕೆಯನ್ನು ತಾಳಲಾರದು. ಸ್ವಲ್ಪ ಒತ್ತಿದರೆ ಪಕ್ಕಕ್ಕೆ ಬಾಗಿಬಿಡುವುದು. ಯಾವ ಸಪುರ ಕಡ್ಡಿಯೇ ಆಗಲಿ, ಎಷ್ಟು ಬಲದಿಂದ ಒತ್ತಿದಾಗ ಹೀಗೆ ಬಾಗಿ ಸೋಲುವುದೆಂಬುದನ್ನು ಆಯ್ಲರ್ ಎಂಬ ಗಣಿತಜ್ಞನು 1744ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿದನು. ಆ ಬಲವು ಕಡ್ಡಿಯ ಅಡ್ಡಳತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿಯೂ ಉದ್ದದ ವರ್ಗಕ್ಕೆ ವಿಲೋಮವಾಗಿಯೂ ಇರುವುದು. ಅಡ್ಡಳತೆಯನ್ನು ಅರ್ಧಮಾಡಿದರೆ ಕಡ್ಡಿಯ ಬಲ ಹದಿನಾರರಲ್ಲೊಂದು ಪಾಲಿಗೆ ಇಳಿಯಿತು. 0.4 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಸೂಜಿಯನ್ನು 0.15 ಮಿಲಿಮೀಟರ್ ನೈಲಾನ್ ಎಳೆಯೊಡನೆ ಹೋಲಿಸಿದರೆ ಸೂಜಿಯು ಮೂರು ಸಾವಿರ ಪಟ್ಟಿಗಿಂತಲೂ ಹೆಚ್ಚು ಗಡಸು. ಇಲ್ಲಿ ಉಕ್ಕಿನ ಗುಣವೂ ಸೇರಿದೆ, ಗಾತ್ರವೂ ಸೇರಿದೆ.

ಉಕ್ಕಿನ ಸೂಜಿ ದೊರೆಯದ ಕಡೆಗಳಲ್ಲಿ ಜನರು ದಾರದ ತುದಿಯನ್ನೇ ಸೂಜಿಯನ್ನಾಗಿ ಮಾಡಿಕೊಂಡರು. ಉತ್ತರ ಅಮೆರಿಕದ ಮೂಲನಿವಾಸಿಗಳು ಪ್ರಾಣಿಗಳ ಸ್ನಾಯುರಜ್ಜುವನ್ನು ದಾರವಾಗಿ ಬಳಸುತ್ತಿದ್ದರು. ಅದನ್ನು ನೆನೆಸಿ ತುದಿಯನ್ನು ಹೊಸೆದು ಒಣಗಿಸಿದರೆ ತುದಿ ಮುಳ್ಳಿನಂತೆ ಗಟ್ಟಿಯಾಗುವುದು. ಹಳೆಯ ಚಮ್ಮಾರರು ಮೇಣದ ದಾರದ ತುದಿಗೆ ಹಂದಿಯ ಕೂದಲನ್ನು ಸೇರಿಸಿ ಹೊಲಿಯುತ್ತಿದ್ದುದೂ ಇದೇ ಉಪಾಯ. ಇಂದಿಗೂ ಸೂಜಿ ಕಳೆದುಹೋದರೆ ದಾರದ ತುದಿಯ ಎರಡು ಅಂಗುಲಕ್ಕೆ ಅಂಟು ಸವರಿ ಒಣಗಿಸಿ ಕೆಲಸ ಸಾಗಿಸಬಹುದು.

ಮಣಿಗೆಲಸದಲ್ಲಿ 10, 12, 13 ಎಂಬ ಸಂಖ್ಯೆಗಳ ಸೂಜಿಗಳು ಬಳಕೆಯಲ್ಲಿವೆ. 10ನೆಯದು ಅರ್ಧ ಮಿಲಿಮೀಟರಿಗೆ ತುಸು ಕಡಮೆ, 12ನೆಯದು 0.4 ಮಿಲಿಮೀಟರಿನ ಆಸುಪಾಸು. 13ನೆಯದು ಇನ್ನೂ ಸಪುರ. ಹೊಲಿಗೆಯ ಸೂಜಿಯಲ್ಲಿ ಕಣ್ಣಿನ ಭಾಗ ಉಬ್ಬಿಕೊಂಡಿರುವುದು. ಮಣಿಸೂಜಿಯಲ್ಲಿ ಆ ಉಬ್ಬು ಇರಬಾರದು. ಆದಕಾರಣ ಅದರ ಕಣ್ಣು ಸೀಳಿನಂತೆ ಕಿರಿದಾಗಿದ್ದು ದಾರ ಪೋಣಿಸುವುದೇ ಒಂದು ಶಿಕ್ಷೆಯಾಗುವುದು. ಇದಕ್ಕೆ ಎರಡು ಪರಿಹಾರಗಳನ್ನು ಕಂಡುಹಿಡಿದಿರುವರು. ಒಂದು, ಎರಡು ಸಪುರ ತಂತಿಗಳನ್ನು ಎರಡು ತುದಿಗಳಲ್ಲಿ ಮಾತ್ರ ಬೆಸೆದ ಸೂಜಿ. ನಡುವೆ ಉಗುರಿನಿಂದ ಬಿಡಿಸಿದರೆ ಸೂಜಿಯ ಉದ್ದವೆಲ್ಲವೂ ಕಣ್ಣೇ ಆಗಿ ಬಾಯಿ ತೆರೆಯುವುದು. ಬಿಟ್ಟೊಡನೆ ಉಕ್ಕಿನ ಸ್ಥಿತಿಸ್ಥಾಪಕತ್ವದಿಂದ ಮುಚ್ಚಿಕೊಂಡು ದಾರವನ್ನು ಕಚ್ಚಿ ಹಿಡಿಯುವುದು. ಇನ್ನೊಂದು, ತಂತಿಯನ್ನು ಮಡಿಸಿ ಹೊಸೆದು, ಮಡಿಕೆಯ ಕುಣಿಕೆಯನ್ನೇ ಕಣ್ಣಾಗಿ ಉಳಿಸಿದ ಸೂಜಿ. ಮೊದಲನೆಯ ಮಣಿಯೊಳಗೆ ಹೋಗುವಾಗಲೇ ಈ ಕುಣಿಕೆ ಚಪ್ಪಟೆಯಾಗುವುದು. ಇದನ್ನು ಸಪುರ ತಾಮ್ರದ ತಂತಿಯಿಂದ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಹೊಸಬರಿಗೆ ಮೊದಲನೆಯದನ್ನು ನಾವು ಶಿಫಾರಸು ಮಾಡುವೆವು. ನೆಯ್ಗೆ ನುರಿತ ಮೇಲೆ ಸಾಧಾರಣ ಸೂಜಿಯೇ ಲೇಸು, ಏಕೆಂದರೆ ಬೆಸೆದ ಸೂಜಿಯು ಬಿಗಿಯಾದ ರಂಧ್ರದಲ್ಲಿ ಬೆಸುಗೆಯ ಕಡೆಯಲ್ಲಿ ಬಿಟ್ಟುಕೊಳ್ಳುವ ಭಯವುಂಟು.

ಆಯ್ಲರನ ಸೂತ್ರದಿಂದ ದೊರೆಯುವ ಒಂದು ಪ್ರಯೋಜನವನ್ನು ಇಲ್ಲಿಯೇ ಹೇಳಬೇಕು. 0.4 ಮಿಲಿಮೀಟರ್ ಅಡ್ಡಳತೆಯ, 5 ಸೆಂಟಿಮೀಟರ್ ಉದ್ದದ ಉಕ್ಕಿನ ಸೂಜಿಯನ್ನು ಎರಡು ತುದಿಗಳಿಂದ ಒತ್ತಿದರೆ ಅದು ಸುಮಾರು 100 ಗ್ರಾಮ್ ತೂಕಕ್ಕೇ ಬಾಗಲು ತೊಡಗುವುದು. ಅದನ್ನೇ ಮೊನೆಯಿಂದ ಮೂರನೆಯ ಒಂದು ಪಾಲು ದೂರದಲ್ಲಿ ಹಿಡಿದರೆ ಬಾಗಬಲ್ಲ ಉದ್ದ ಮೂರರಲ್ಲೊಂದಾಗಿ, ತಾಳುವ ಬಲ ಒಂಬತ್ತು ಪಟ್ಟಾಗುವುದು. ಸೂಜಿಗಳು ದಿನಕ್ಕೆರಡು ಸೊಟ್ಟಗಾಗುತ್ತವೆಂದು ದೂರುವವರು ಹಿಡಿಯುವ ಜಾಗವನ್ನು ಬದಲಾಯಿಸಿ ನೋಡಬೇಕು.

ಬಲವು ಹೆಚ್ಚಾದರೆ ಸೋಲುವುದು ಸೂಜಿಯೇ ಆಗಬೇಕೆಂದಿಲ್ಲ, ಮಣಿಯೂ ಆಗಬಹುದು. ಹಿಂದೆಯೇ ಹಾಯ್ದ 0.15 ಮಿಲಿಮೀಟರ್ ದಾರ, ಈಗ ಬರುವ 0.4 ಮಿಲಿಮೀಟರ್ ಸೂಜಿ, ಸೂಜಿಯ ಕಣ್ಣಿನಲ್ಲಿ ಇಮ್ಮಡಿಯಾದ ದಾರ, ಇವನ್ನು ಒಂದೇ ಸಾಲಾಗಿ ಇಟ್ಟರೆ 0.85 ಮಿಲಿಮೀಟರ್, ರಂಧ್ರ 0.8 ಮಾತ್ರ. ದಾರಗಳು ಚಪ್ಪಟೆಯಾಗಿ ಪಕ್ಕಕ್ಕೆ ಸರಿದುಕೊಳ್ಳುವುದರಿಂದ ಹೇಗೋ ನುಸುಳುವುದು. ಮೂರನೆಯ ಸಲ ಹಾಯಿಸಲು ಹೋಗಿ, ಸೂಜಿ ಕದಲದಿದ್ದಾಗ ಇಕ್ಕುಳದಿಂದ ಎಳೆಯುವವರುಂಟು. ಆಗ ಸೂಜಿಯು ಬೆಣೆಯಂತೆ ವರ್ತಿಸಿ ರಂಧ್ರದ ಗೋಡೆಯನ್ನು ಹೊರಕ್ಕೆ ನೂಕುವುದು. ಗಾಜು ಅದುಮುವಿಕೆಯನ್ನು ಚೆನ್ನಾಗಿ ತಾಳುವುದು, ಹಿಗ್ಗಿಸುವಿಕೆಯನ್ನು ತಾಳದು. ಒಳಗಿನಿಂದ ನೂಕಿದ ಉಂಗುರವು ಸುತ್ತಲೂ ಹಿಗ್ಗಬೇಕಾಗುವುದರಿಂದ ಮಣಿಯು ಸೀಳುವುದು. ಸಾಲಿನ ನಡುವೆ ಒಡೆದ ಒಂದು ಮಣಿಗಾಗಿ ಇಪ್ಪತ್ತು ಸಾಲುಗಳನ್ನು ಬಿಚ್ಚಬೇಕಾಗುವುದುಂಟು. ಇಕ್ಕುಳಕ್ಕೆ ಕೈ ಹಾಕುವ ಬದಲು 13ನೆಯ ಸೂಜಿಗೆ ಬದಲಾಯಿಸುವುದೇ ಸರಿ.

ಇನ್ನು ಮಣಿಗಳನ್ನು ಸೂಜಿಗೆ ಏರಿಸುವ ಸಮಸ್ಯೆ. ಇಟಲಿಯ ವೆನಿಸ್ ನಗರದಲ್ಲಿಯೂ ಅದರ ಮಗ್ಗುಲಿನ ಮುರಾನೊ ದ್ವೀಪದಲ್ಲಿಯೂ ತಯಾರಾದ ಮಣಿಗಳನ್ನು ಎಳೆಗಳಲ್ಲಿ ಪೋಣಿಸಿ ಹೊರದೇಶಗಳಿಗೆ ಕಳುಹಿಸುತ್ತಿದ್ದರು. ಪೋಣಿಸುವ ಕೆಲಸ ಅಲ್ಲಿನ ಬಡ ಹೆಂಗಸರದು. ಅವರಿಗೆ ಇಂಪಿರಾರೆಸ್ಸೆ ಎಂದು ಹೆಸರು. ಮೊಳಕಾಲ ಮೇಲೆ ಮರದ ತಟ್ಟೆಯಲ್ಲಿ ಮಣಿಗಳ ರಾಶಿಯನ್ನಿಟ್ಟುಕೊಂಡು, ಹತ್ತಾರು ಉದ್ದನೆಯ ಸೂಜಿಗಳನ್ನು ಬೀಸಣಿಗೆಯಂತೆ ಬೆರಳುಗಳ ನಡುವೆ ಹರಡಿ ಹಿಡಿದು, ರಾಶಿಯೊಳಗೆ ಮತ್ತೆ ಮತ್ತೆ ತೂರಿಸುವರು. ಒಂದೊಂದು ಬೀಸಿಗೂ ಕೆಲವು ಮಣಿಗಳು ತಾವಾಗಿ ಸೂಜಿಗಳಿಗೆ ಏರಿಕೊಳ್ಳುವುವು. ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟನು 1880ರಿಂದ 1882ರ ಸುಮಾರಿನಲ್ಲಿ ವೆನಿಸ್ಸಿನಲ್ಲಿದ್ದಾಗ ಈ ಹೆಂಗಸರನ್ನು ಚಿತ್ರಿಸಿರುವನು.

ಇದರಲ್ಲಿ ಸೂಜಿಯನ್ನು ಯಾವ ಮಣಿಗೂ ಗುರಿಯಿಡುವುದಿಲ್ಲವೆಂಬುದನ್ನು ಗಮನಿಸಬೇಕು. ರಾಶಿಯಲ್ಲಿ ಮಣಿಗಳು ಎಲ್ಲ ದಿಕ್ಕುಗಳಿಗೂ ಮುಖಮಾಡಿ ಬಿದ್ದಿರುವುವು. ಅವುಗಳಲ್ಲಿ ಕೆಲವುಗಳ ರಂಧ್ರವಾದರೂ ಸೂಜಿ ಬರುವ ದಿಕ್ಕಿಗೆ ಸರಿಯಾಗಿ ಇದ್ದೇ ಇರುವುದು. ಅಂಥವು ಸಿಕ್ಕುವುವು, ಉಳಿದುವು ಸರಿದುಹೋಗುವುವು. ಕಣ್ಣಿನ ಗುರಿ ಮಾಡಬೇಕಾದ ಕೆಲಸವನ್ನು ಸಂಭವನೀಯತೆಗೆ ಒಪ್ಪಿಸಿದಂತಾಯಿತು.

ಈಗ ಪೇಟೆಯಲ್ಲಿ ದೊರೆಯುವ ಮಣಿಬಟ್ಟಲು ಇದೇ ತತ್ತ್ವವನ್ನು ತಲೆಕೆಳಗು ಮಾಡಿದುದು. ನೆಟ್ಟಗಿನ ಒಂದು ಕಡ್ಡಿಯ ಮೇಲೆ ಬುಗುರಿಯಂತೆ ತಿರುಗುವ ಬಟ್ಟಲು, ಅದರಲ್ಲಿ ಮಣಿಗಳು. ತುದಿ ಬಾಗಿದ ಸೂಜಿಯನ್ನು ಮಣಿಗಳೊಳಗೆ ಅದ್ದಿ ಕದಲದಂತೆ ಹಿಡಿದು, ಇನ್ನೊಂದು ಕೈಯಿಂದ ಕಡ್ಡಿಯನ್ನು ತಿರುಗಿಸಿದರೆ ಮಣಿಗಳು ಸಾಲಾಗಿ ಸೂಜಿಯನ್ನು ಏರತೊಡಗುವುವು. ವೆನಿಸ್ಸಿನಲ್ಲಿ ಚಲಿಸಿದುದು ಸೂಜಿ, ಇಲ್ಲಿ ಚಲಿಸುವುದು ಮಣಿ. ಬೇಕಾದುದು ಅವೆರಡರ ಸಾಪೇಕ್ಷ ಚಲನೆ ಮಾತ್ರ. ಯಾವುದು ನಿಂತಿದೆಯೆಂಬುದನ್ನು ಪ್ರಕೃತಿಯು ಕೇಳುವುದಿಲ್ಲ.

ಬಟ್ಟಲನ್ನು ಎಷ್ಟು ವೇಗವಾಗಿ ತಿರುಗಿಸಬೇಕು? ಕೇಂದ್ರದಿಂದ 4 ಸೆಂಟಿಮೀಟರ್ ದೂರದಲ್ಲಿರುವ ಮಣಿಯನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ ಅದರ ವೇಗ ಸೆಕೆಂಡಿಗೆ 25 ಸೆಂಟಿಮೀಟರ್. ಅದನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾದ ವೇಗೋತ್ಕರ್ಷ ಭೂಮಿಯ ಗುರುತ್ವದ ಆರನೆಯ ಒಂದು ಪಾಲು. ಮಣಿಗಳು ತಳದಲ್ಲಿಯೇ ಗುಂಪಾಗಿ ಹರಿಯುವುವು. ಮೂರು ಸುತ್ತಿಗೆ ಏರಿಸಿದರೆ ಈ ವೇಗೋತ್ಕರ್ಷ ಒಂಬತ್ತು ಪಟ್ಟಾಗಿ ಗುರುತ್ವವನ್ನೂ ಮೀರುವುದು. ಮಣಿಗಳು ಬಟ್ಟಲಿನ ಗೋಡೆಗೆ ಏರಿ ಹೊರಕ್ಕೆ ಚಿಮ್ಮುವುವು, ನಡುವೆ ಸೂಜಿಯ ಬಳಿ ಬಯಲಾಗುವುದು. ಅವಸರಪಡುವವರಿಗೆ ಈ ಬಟ್ಟಲು ಒಲಿಯದು. ಅಲ್ಲದೆ ಬಟ್ಟಲು ಅರ್ಧಕ್ಕಾದರೂ ತುಂಬಿರಬೇಕು. ಮಣಿಗಳು ವಿರಳವಾಗಿದ್ದರೆ ಸೂಜಿಗೆ ತಗುಲಿದ ಮಣಿಯು ಪಕ್ಕಕ್ಕೆ ಜಾರಿಕೊಳ್ಳುವುದು. ದಟ್ಟವಾಗಿದ್ದರೆ ಜಾರಲು ಎಡೆಯಿರದು, ಹಿಂದಿನವು ಮುಂದಿನವನ್ನು ಸೂಜಿಯ ಮೇಲಕ್ಕೆ ನೂಕುವುವು. ಸೂಜಿಯ ಮೊನೆಯು ಮಣಿಗಳು ಬರುವ ದಿಕ್ಕಿಗೆ ಎದುರಾಗಿ, ವೃತ್ತದ ಸ್ಪರ್ಶರೇಖೆಯಲ್ಲಿರತಕ್ಕದ್ದು.

ಈ ಬಟ್ಟಲಿನ ಮಿತಿಯನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾದೀತು. ಬಣ್ಣಗಳನ್ನು ಕ್ರಮವಾಗಿ ಆರಿಸುವ ಶಕ್ತಿ ಇದಕ್ಕಿಲ್ಲ. ಒಂದೇ ಬಣ್ಣದ ಉದ್ದನೆಯ ಸರಕ್ಕೆ, ಅಂಚಿನ ಜಾಲರಿಗೆ ಇದು ಅನುಕೂಲ. ಹೂವು, ಹಕ್ಕಿಗಳ ಚಿತ್ರವಿರುವ ಪಟ್ಟಿಗೆ ಒಂದೊಂದು ಮಣಿಯನ್ನೂ ನಕ್ಷೆಯನ್ನು ನೋಡಿಯೇ ಎತ್ತಬೇಕು. ಅದಕ್ಕೆ ಬೇಕಾದುದು ಬಟ್ಟಲಲ್ಲ, ಮಕಮಲ್ಲಿನಂತೆ ಮೃದುವಾದ ನವಿರುಳ್ಳ ಒಂದು ಬಟ್ಟೆಯ ತುಂಡು. ಗಡುಸು ಮೇಜಿನ ಮೇಲೆ ಬಿದ್ದ ಮಣಿಯು ಪುಟಿದು ಉರುಳಿ ನೆಲಕ್ಕೆ ಹೋಗುವುದು. ನವಿರುಗಳಾದರೋ ಬಾಗಿ ಅದರ ಚಲನಶಕ್ತಿಯನ್ನು ಹೀರಿಕೊಳ್ಳುವುವು, ಮಣಿಯನ್ನು ಸ್ವಲ್ಪ ಎತ್ತಿ ಹಿಡಿದು ಸೂಜಿಯ ಮೊನೆ ಅದರ ಕೆಳಗೆ ಹೋಗಲು ಎಡೆಕೊಡುವುವು. ಪ್ಲಾಸ್ಟಿಕ್ ತಟ್ಟೆ ಅಗ್ಗವೆಂದು ಬಳಸುವವರು, ಒಣಹವೆಯಲ್ಲಿ ಮಣಿಗಳು ತಟ್ಟೆಯ ಗೋಡೆಗೆ ಅಂಟಿಕೊಳ್ಳುವುದನ್ನು ಕಂಡಿರಬಹುದು. ಗಾಜಿನ ಕಡ್ಡಿಯನ್ನು ರೇಷ್ಮೆಯಿಂದ ಉಜ್ಜಿ ಕಾಗದದ ಚೂರುಗಳನ್ನು ಸೆಳೆಯುವ ತರಗತಿಯ ಪ್ರಯೋಗವೇ ಅಲ್ಲಿ ನಡೆಯುತ್ತಿರುವುದು.

ಈಗ ಮುಖ್ಯವಾದ ಸಲಕರಣೆಗೆ ಬರೋಣ, ಅದು ಮಗ್ಗ. ಬಟ್ಟೆಯ ಮಗ್ಗದಲ್ಲಿರುವಂತೆಯೇ ಇದರಲ್ಲಿಯೂ ಉದ್ದಕ್ಕೆ ಹಾಸಿನ ಎಳೆಗಳು, ಅಡ್ಡಕ್ಕೆ ಹೊಕ್ಕಿನ ಎಳೆ. ಮಾತಿನಲ್ಲಿ ನಾವು ದಿನವೂ ಬಳಸುವ ‘ಹಾಸುಹೊಕ್ಕು’ ಎಂಬ ಪದ ಹುಟ್ಟಿದ ಜಾಗವೇ ಇದು. 15 ಮಣಿಗಳ ಅಗಲಕ್ಕೆ 16 ಹಾಸಿನ ಎಳೆಗಳು ಬೇಕು. ಎರಡೆರಡು ಎಳೆಗಳ ನಡುವೆ ಒಂದೊಂದು ಮಣಿ ಕೂರುವುದು. ಸೂಜಿಗೆ 15 ಮಣಿಗಳನ್ನು ಒಮ್ಮೆಗೇ ಏರಿಸಿ, ಹಾಸಿನ ಕೆಳಗೆ ಅಡ್ಡಲಾಗಿ ಹಿಡಿದು, ಬೆರಳಿನಿಂದ ಮೇಲಕ್ಕೆ ಒತ್ತಿದರೆ ಮಣಿಗಳು ಎಳೆಗಳ ಸಂದುಗಳಲ್ಲಿ ಎದ್ದು ನಿಲ್ಲುವುವು. ಆಗ ಸೂಜಿಯನ್ನು ಹಾಸಿನ ಮೇಲ್ಗಡೆಯಿಂದ ಅದೇ ಮಣಿಗಳ ಮೂಲಕ ಹಿಂದಿರುಗಿಸಬೇಕು. ಹೊಕ್ಕಿನ ಎಳೆ ಒಮ್ಮೆ ಹಾಸಿನ ಕೆಳಗೂ ಒಮ್ಮೆ ಮೇಲೂ ಹಾಯ್ದುದರಿಂದ ಮಣಿಗಳು ಸೆರೆಯಾದುವು. ಹಿಂದಿರುಗುವಾಗ ಸೂಜಿ ಯಾವ ಎಳೆಯ ಕೆಳಗೆ ಜಾರಿತೋ ಅಲ್ಲಿನ ಮಣಿ ಮಾತ್ರ ಬಂಧನವಿಲ್ಲದೆ ಉಳಿಯುವುದು. ಒಂದು ಸಾಲಿಗೆ ಎರಡು ಹಾಯುವಿಕೆ. 100 ಸಾಲಿಗೆ 200. ಮೊದಲು ಹೇಳಿದ 1500ರೊಡನೆ ಇದನ್ನು ಹೋಲಿಸಿದರೆ ಮಗ್ಗದ ಉಪಕಾರ ತಿಳಿಯುವುದು.

ಈ ಕ್ರಿಯೆಯು ಸುಗಮವಾಗಬೇಕಾದರೆ ಹಾಸಿನ ಎಳೆಗಳೆಲ್ಲ ಬಿಗಿಯಾಗಿಯೂ ಸಮವಾಗಿಯೂ ಇರಬೇಕು. ಸಡಿಲವಾದ ಎಳೆಯು ಬೆರಳು ಒತ್ತಿದಾಗ ಮಣಿಯೊಡನೆ ತಾನೂ ಮೇಲೇಳುವುದು, ಸೂಜಿ ಅದರ ಕೆಳಗೆ ಹಾಯುವುದು. ಎಳೆತ ಸಮವಾಗಿದೆಯೇ ಎಂಬುದನ್ನು ಅಳೆಯುವುದು ಹೇಗೆ? ಇದಕ್ಕೆ ವಿದ್ಯಾರ್ಥಿಗಳ ಬಳಿ ಉತ್ತರ ಸಿದ್ಧವಾಗಿಯೇ ಇದೆ. ಬಿಗಿದ ತಂತಿಯ ಸ್ವರವು ಅದರ ಉದ್ದ, ತೂಕ, ಎಳೆತಗಳನ್ನು ಹೇಗೆ ಅನುಸರಿಸುವುದೆಂಬುದನ್ನು ಮರ್ಸೆನ್ ಎಂಬ ಫ್ರೆಂಚ್ ಪಾದ್ರಿಯು 1636ರಲ್ಲಿ ಪ್ರಕಟಿಸಿದನು. ಅವನ ನಿಯಮಗಳನ್ನೇ ನಾವು ಪ್ರಯೋಗಶಾಲೆಯಲ್ಲಿ ಸೊನೊಮೀಟರಿನ ಮೇಲೆ ಪರೀಕ್ಷಿಸುವುದು. ಮಣಿಮಗ್ಗವು ಹದಿನಾರು ತಂತಿಗಳ ಸೊನೊಮೀಟರಲ್ಲದೆ ಬೇರೆಯಲ್ಲ! ಎಲ್ಲ ಎಳೆಗಳೂ ಒಂದೇ ದಾರದವು, ಒಂದೇ ಉದ್ದದವು; ಆದುದರಿಂದ ಒಂದೇ ಸ್ವರ ನುಡಿದರೆ ಎಳೆತವೂ ಒಂದೇ. 0.15 ಮಿಲಿಮೀಟರಿನ ಒಂಟಿ ನೈಲಾನ್ ಎಳೆಯನ್ನು 30 ಸೆಂಟಿಮೀಟರ್ ಅಂತರದಲ್ಲಿ 100 ಗ್ರಾಮ್ ತೂಕದ ಎಳೆತಕ್ಕೆ ಬಿಗಿದರೆ ಅದು ಸೆಕೆಂಡಿಗೆ ಸುಮಾರು 370 ಸಲ ಕಂಪಿಸುವುದು. ಕಿವಿಯ ಬಳಿ ಹಿಡಿದು ಉಗುರಿನಿಂದ ಮೀಟಿದರೆ ಸ್ಪಷ್ಟವಾಗಿ ಕೇಳುವುದು. ಆವೃತ್ತಿಯು ಎಳೆತದ ವರ್ಗಮೂಲವನ್ನು ಅನುಸರಿಸುವುದರಿಂದ ಎಳೆತ ನಾಲ್ಕರಲ್ಲೊಂದಾದ ಎಳೆಯು ಒಂದು ಸ್ಥಾಯಿ ಕೆಳಗೆ ನುಡಿಯುವುದು. ತಂಬೂರಿಯನ್ನು ಶ್ರುತಿಮಾಡಿ ಅಭ್ಯಾಸವಿರುವವರಿಗೆ ಈ ಪರೀಕ್ಷೆ ನಿಮಿಷದ ಕೆಲಸ.

ಚೌಕಟ್ಟಿನ ವಿಷಯದಲ್ಲಿ ಅನೇಕರು ಎಡವುವರು. ಒಂದು ಎಳೆಗೆ 100 ಗ್ರಾಮ್ ಎಂದರೆ ಅಲ್ಪವೇ. ಆದರೆ ಹದಿನಾರು ಎಳೆಗಳು ಸೇರಿ ಚೌಕಟ್ಟಿನ ಎರಡು ತುದಿಗಳನ್ನು 1.6 ಕಿಲೋಗ್ರಾಮ್ ತೂಕದ ಬಲದಿಂದ ಒಳಕ್ಕೆ ಎಳೆಯುತ್ತಿರುವುವು. ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯ ಅಂಚುಗಳನ್ನು ಸೀಳಿ ಮಗ್ಗ ಮಾಡಿಕೊಳ್ಳುವ ಸಲಹೆಯನ್ನು ಹಲವು ಪುಸ್ತಕಗಳಲ್ಲಿ ಕಾಣಬಹುದು. ಅಂಥ ಪೆಟ್ಟಿಗೆಯು ಹತ್ತು ಸಾಲು ಮುಗಿಯುವುದರೊಳಗೆ ಬಾಗುವುದು. ಬಾಗಿದಷ್ಟೂ ಎಳೆತ ಇಳಿಯುವುದು. ಕಲಿಯುವವರು ತಮ್ಮ ಕೈಯೇ ಸರಿಯಿಲ್ಲವೆಂದು ಕೆಲಸವನ್ನು ಬಿಟ್ಟುಬಿಡುವರು. ಎರಡು ಮರದ ಪಟ್ಟಿಗಳು, ನಾಲ್ಕು ಮೊಳೆಗಳು, ಹಲ್ಲುಗಳಿಗೆ ಎಳೆ ಸಿಕ್ಕಿಸಲು ಎರಡು ತಲೆಬಾಚಣಿಗೆಗಳು, ಇಷ್ಟರಿಂದ ರಟ್ಟಿಗಿಂತ ಎಷ್ಟೋ ಮೇಲಾದ ಮಗ್ಗವಾಗುವುದು. ಅಂಗಡಿಯ ಮಗ್ಗಗಳಲ್ಲಿ ಬಾಚಣಿಗೆಗೆ ಬದಲಾಗಿ ಸುರುಳಿ ಸ್ಪ್ರಿಂಗನ್ನು ಅಡ್ಡಲಾಗಿ ಕಟ್ಟಿರುವರು. ಸುರುಳಿಯ ಸಂದುಗಳೇ ಎಳೆಗಳ ಮನೆಗಳು. ಸ್ಪ್ರಿಂಗನ್ನು ಹಿಗ್ಗಿಸಿದರೆ ದೊಡ್ಡ ಮಣಿಗೂ ಸಡಿಲಿಸಿದರೆ ಸಣ್ಣ ಮಣಿಗೂ ಅಂತರ ಹೊಂದುವುದು. ಜಾಣತನದ ಏರ್ಪಾಡು.

ಇದಕ್ಕಿಂತ ಹಳೆಯದೂ ಕೆಲವು ವಿಷಯಗಳಲ್ಲಿ ಮೇಲಾದುದೂ ಆದ ಒಂದು ಮಗ್ಗವುಂಟು. ಉತ್ತರ ಅಮೆರಿಕದ ಈಶಾನ್ಯ ಕಾಡುಗಳ ನಿವಾಸಿಗಳು ಹಸಿ ಕೊಂಬೆಯನ್ನು ಬಿಲ್ಲಿನಂತೆ ಬಗ್ಗಿಸಿ, ಹೆದೆಯ ಜಾಗದಲ್ಲಿ ಹಾಸಿನ ಎಳೆಗಳನ್ನು ಕಟ್ಟುತ್ತಿದ್ದರು. ಎಳೆಗಳು ಒಂದಕ್ಕೊಂದು ತಗುಲದಂತೆ ಎರಡು ತುದಿಗಳಲ್ಲಿ ಸಾಲು ತೂತುಗಳುಳ್ಳ ಭೂರ್ಜ ಮರದ ತೊಗಟೆಯ ತುಂಡುಗಳು. ಬಿಲ್ಲು ತಾನೇ ಒಂದು ಸ್ಪ್ರಿಂಗ್ ಆದುದರಿಂದ, ಎಳೆಗಳು ಸ್ವಲ್ಪ ಸಡಿಲವಾದರೂ ಅದು ನೆಟ್ಟಗಾಗಲು ಹವಣಿಸಿ ಎಳೆತವನ್ನು ಉಳಿಸಿಕೊಳ್ಳುವುದು. ಗಡುಸಾದ ಚೌಕಟ್ಟಿಗೆ ಈ ಗುಣವಿಲ್ಲ. ಮೀನುಗಾಳಕ್ಕಾಗಿ ತಯಾರಾಗಿ ಈಗ ಮಣಿಗೆಲಸಕ್ಕೂ ಬಂದಿರುವ ಪಾಲಿಎಥಿಲೀನ್ ದಾರವು ಬಹಳ ಬಲವಾದುದು, ಹಿಗ್ಗುವುದು ಅತ್ಯಲ್ಪ. ಹಿಗ್ಗದ ದಾರವನ್ನು ಗಡುಸು ಚೌಕಟ್ಟಿಗೆ ಕಟ್ಟಿದರೆ, ಚೌಕಟ್ಟು ಅರ್ಧ ಮಿಲಿಮೀಟರ್ ಬಾಗಿದರೂ ಎಳೆತ ಬಹುಮಟ್ಟಿಗೆ ಕುಸಿಯುವುದು. ಇಂದಿನ ದಾರಕ್ಕೆ ಹಳೆಯ ಬಿಲ್ಲುಮಗ್ಗವೇ ಹೆಚ್ಚು ಒಪ್ಪುವುದೆಂದು ನಮ್ಮ ಅಭಿಪ್ರಾಯ. ನೈಲಾನ್ ಹಾಸಿನ ತೊಂದರೆ ಬೇರೆ ಬಗೆಯದು. ಮೇಲೆ ಹೇಳಿದ ಎಳೆಯು 100 ಗ್ರಾಮ್ ಎಳೆತದಲ್ಲಿ ಶೇಕಡಾ 2ರಷ್ಟು ಹಿಗ್ಗಿರುವುದು. ಮಗ್ಗದಿಂದ ಬಿಡಿಸಿದಾಗ 16 ಸೆಂಟಿಮೀಟರಿನ ಪಟ್ಟಿಯಲ್ಲಿ ದಾರವು 3 ಮಿಲಿಮೀಟರ್ ಕುಗ್ಗಲೆಳಸುವುದು, ಮಣಿಗಳು ಕುಗ್ಗಲಾರವು. ಆದಕಾರಣ ಅತಿಯಾಗಿ ಬಿಗಿದು ನೆಯ್ದ ಪಟ್ಟಿಯು ಬಿಡಿಸಿದೊಡನೆ ಅಲೆಯಲೆಯಾಗಿ ಸುಕ್ಕುಗಟ್ಟುವುದು.

ಮಗ್ಗವು ಉಳಿಸಿದ ವೇಳೆಯಲ್ಲಿ ಒಂದು ಭಾಗವನ್ನು ಕೊನೆಗೆ ಮರಳಿ ಕೇಳುವುದೂ ಉಂಟು. ಹದಿನಾರು ಎಳೆಗಳಿಗೆ ಮೂವತ್ತೆರಡು ತುದಿಗಳು. ಒಂದೊಂದನ್ನೂ ಸೂಜಿಗೆ ಪೋಣಿಸಿ ಮಣಿಗಳೊಳಗೆ ಅಡಗಿಸಬೇಕು. ಸೌರಾಷ್ಟ್ರದ ಹೆಂಗಸರು ಮಗ್ಗವಿಲ್ಲದೆಯೇ, ಮೂರು ಮೂರು ಮಣಿಗಳನ್ನು ಕೂಡಿಸುವ ಹೆಣಿಗೆಯಿಂದ, ಒಂದು ಸೂಜಿಯ ಬಲದಿಂದಲೇ ದೊಡ್ಡ ದೊಡ್ಡ ತೋರಣಗಳನ್ನು ಮಾಡಿದರು. ಅವರಿಗೆ ಈ ತುದಿಗಳ ಕಾಟವಿರಲಿಲ್ಲ. ಪಟ್ಟಿಯಂಥ ನೇರವಾದ ವಸ್ತುವಿಗೆ ಮಗ್ಗ. ಬಾಗು ಬಳುಕುಗಳಿರುವುದಕ್ಕೆ ಬರಿಯ ಸೂಜಿ.

ಚೌಕಳಿ ಕಾಗದದ ಮೇಲೆ ನಕ್ಷೆ ಬರೆಯುವವರಿಗೂ ಒಂದು ಮಾತು: ಡೆಲಿಕಾ ಮಣಿಯು ಚೌಕವಲ್ಲ. ಉದ್ದ ಅಗಲಗಳು 16ಕ್ಕೆ 13ರ ಪ್ರಮಾಣದಲ್ಲಿರುವುದರಿಂದ ಕಾಗದದ ಪೂರ್ಣಚಂದ್ರನು ಮಗ್ಗದಲ್ಲಿ ಮೊಟ್ಟೆಯಾಗುವನು.

ದಾರವನ್ನು ಕಾಪಾಡುವ ಸಲಕರಣೆ ಜೇನುಮೇಣ. ಪಟ್ಟಿಯು ಹರಿಯುವುದು ಸಾಮಾನ್ಯವಾಗಿ ಎಳೆದುದರಿಂದಲ್ಲ, ಸವೆದುದರಿಂದ. ಮಣಿಯ ಹರಿತವಾದ ಅಂಚು ಗರಗಸದಂತೆ ದಾರದ ನವಿರುಗಳನ್ನು ಒಂದೊಂದಾಗಿ ಕಡಿಯುವುದು. ಉದ್ದನೆಯ ಕೊಳವೆಮಣಿಗಳು ಈ ವಿಷಯದಲ್ಲಿ ತೀರ ಕೆಟ್ಟವು. ಮೇಣವನ್ನು ಸವರಿದರೆ ನವಿರುಗಳು ಒಂದಾಗಿ ಅಂಟಿಕೊಂಡು ಎದ್ದು ನಿಲ್ಲುವುದಿಲ್ಲ. ಅದರ ಜಿಗುಟು ಬಿಗಿದ ಹೊಲಿಗೆಯನ್ನು ಜಾರಗೊಡದು. ಆದರೆ ಹೆಚ್ಚಾದರೆ ರಂಧ್ರವೇ ಮುಚ್ಚುವುದು. ಕೆಲಸ ಮುಗಿದ ಮೇಲೆ ದಾರವನ್ನು ಕತ್ತರಿಸಲು, ವಿದ್ಯುತ್ಕೋಶದಿಂದ ಕಾಯುವ ಸಣ್ಣ ತಂತಿಯ ಒಂದು ಉಪಕರಣ ದೊರೆಯುವುದು. ಪಾಲಿಎಥಿಲೀನ್ ದಾರ 140 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೂ ನೈಲಾನ್ 220 ಡಿಗ್ರಿಗೆ ಮೇಲೆಯೂ ಕರಗಿ, ತುದಿ ಗುಂಡಗಾಗಿ, ಬಿಚ್ಚಿಕೊಳ್ಳದಂತಾಗುವುದು. ಹತ್ತಿ, ರೇಷ್ಮೆಗಳು ಕರಗುವುದಿಲ್ಲ, ಕರಿಕಾಗುವುವು. ಅವಕ್ಕೆ ಕತ್ತರಿಯೇ ಗತಿ.

ಕೊನೆಯದು ಕಣ್ಣಿನ ಸಲಕರಣೆ. ನಮ್ಮ ಮಟ್ಟಿಗೆ ಸೂಜಿಯ ನಂತರ ಕೊಳ್ಳಬೇಕಾದುದು ಇದೇ, ಮಗ್ಗ ಆಮೇಲೆ. ಸ್ವಸ್ಥವಾದ ಕಣ್ಣು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಕೋನವನ್ನು ಗುರುತಿಸಬಲ್ಲುದು. 0.15 ಮಿಲಿಮೀಟರಿನ ದಾರವು 25 ಸೆಂಟಿಮೀಟರ್ ದೂರದಲ್ಲಿ ಇದರ ಎರಡರಷ್ಟು ಕೋನವನ್ನು ಮಾಡುವುದು. 50 ಸೆಂಟಿಮೀಟರಿಗೆ ಸರಿಸಿದರೆ ಸರಿಯಾಗಿ ಮಿತಿಯ ಅಂಚಿಗೆ ಬಂದು ನಿಲ್ಲುವುದು. ಎಳೆಯರ ಕಣ್ಣು 10 ಸೆಂಟಿಮೀಟರಿನಷ್ಟು ಸಮೀಪಕ್ಕೂ ಹೊಂದಿಕೊಳ್ಳುವುದು. ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗಿ ಈ ಸಮೀಪಬಿಂದುವು ದೂರಕ್ಕೆ ಸರಿಯುವುದು. ನಲವತ್ತಕ್ಕೆ ಬರುವುದರಿಂದಲೇ ಇದಕ್ಕೆ ನಮ್ಮಲ್ಲಿ ಚಾಳೀಸು ಎಂಬ ಹೆಸರು ಬಂದಿತು. ಸೂಜಿಯನ್ನು ತೋಳುದ್ದ ಚಾಚಿ ದಾರ ಪೋಣಿಸಲು ಹೆಣಗುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಹತ್ತಿರ ತಂದರೆ ಮಂಜಾಗುವುದು, ದೂರ ಹಿಡಿದರೆ ದಾರವು ಕಾಣಿಸುವ ಮಿತಿಗಿಂತ ಕಿರಿದಾಗುವುದು. ನಡುವೆ ಜಾಗವೇ ಇಲ್ಲ. ಬೆರಳುಗಳಲ್ಲಿ ಇಪ್ಪತ್ತು ವರ್ಷಗಳ ಕುಶಲತೆ ಕೂಡಿ ಬಂದ ಹೊತ್ತಿಗೇ ಕಣ್ಣು ಹೀಗೆ ಕೈಬಿಡುವುದರಿಂದ, ಕೂಲಿಗೆ ನೆಯ್ಯುವವರು ತಮ್ಮ ಅತ್ಯುತ್ತಮ ವರ್ಷಗಳಲ್ಲಿಯೇ ಕೆಲಸವನ್ನು ಕಳೆದುಕೊಳ್ಳುವ ಸಂಭವವುಂಟು. ಇದನ್ನು ತಡೆಯಲು ಬೇಕಾದುದು ಒಂದು ಪೀನ ಮಸೂರ, ಒಂದು ದೀಪ. ದೀಪವನ್ನು ಮೊದಲು ಹತ್ತಿರಕ್ಕೆ ತರಬೇಕು. 60 ಸೆಂಟಿಮೀಟರಿನಲ್ಲಿದ್ದುದನ್ನು 30ಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುವುದು. ಬಲಗೈಯಿಂದ ನೆಯ್ಯುವವರಿಗೆ ದೀಪ ಎಡಗಡೆಯಿಂದ ಬರಬೇಕು.

ಮಸೂರವು ಕೈಯಲ್ಲಿ ಹಿಡಿಯುವಂಥದಾಗಿರದೆ ತಲೆಗೆ ಕಟ್ಟಿಕೊಳ್ಳುವಂಥದೋ ಕಾಲಿನ ಮೇಲೆ ನಿಲ್ಲುವಂಥದೋ ಆಗಿರಬೇಕು, ಏಕೆಂದರೆ ನೆಯ್ಗೆಗೆ ಎರಡು ಕೈಗಳೂ ಬೇಕು. ಎಷ್ಟು ದೊಡ್ಡದಾಗಿ ಕಂಡರೆ ಅಷ್ಟು ಒಳ್ಳೆಯದೆಂದು ಹಲವರು ಬಲವಾದ ಮಸೂರವನ್ನು ಕೊಳ್ಳುವರು. 25ನ್ನು ಸಂಗಮದೂರದ ಸೆಂಟಿಮೀಟರುಗಳಿಂದ ಭಾಗಿಸಿದರೆ ವರ್ಧನವು ಬರುವುದಷ್ಟೆ. 5 ಸೆಂಟಿಮೀಟರ್ ಸಂಗಮದೂರದ ಮಸೂರವು ಐದು ಪಟ್ಟು ಹಿಗ್ಗಿಸಿ ತೋರಿಸುವುದು ನಿಜ. ಆದರೆ ಆಗ ಮಣಿಯನ್ನು ಮಸೂರದಿಂದ 5 ಸೆಂಟಿಮೀಟರಿನಲ್ಲಿ ಹಿಡಿಯಬೇಕು. ಸೂಜಿಯ ಉದ್ದವೂ 5 ಸೆಂಟಿಮೀಟರ್. ದಾರ ಎಳೆದಾಗಲೆಲ್ಲ ಸೂಜಿಯು ಗಾಜಿಗೆ ಕುಟ್ಟುವುದು. 10ರಿಂದ 12 ಸೆಂಟಿಮೀಟರ್ ಸಂಗಮದೂರದ, ಎರಡು ಅಥವಾ ಎರಡೂವರೆ ಪಟ್ಟು ತೋರಿಸುವ ಮಸೂರವನ್ನು ಕೇಳಿ ಕೊಂಡರೆ ಕೈಯಾಡಲು ಎಡೆಯೂ ಉಳಿಯುವುದು, ರಂಧ್ರವೂ ಕಾಣುವುದು.